ಬಿಸ್ಕತ್ತಿಗೆ ಇನ್ನೂ ಒಂದು ಶೇಡು ಕಮ್ಮಿ

ನನ್ನ ಕಣ್ಣಿನ ಬಗ್ಗೆ ಯಾರೂ ತುಟಿ ಎರಡು ಮಾಡುವಂತಿಲ್ಲ. ಇದನ್ನು ಜಂಬದಿಂದ ಹೇಳುತ್ತಿಲ್ಲ, ನಮ್ಮ ಬಣ್ಣದಂಗಡಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಗಿರಾಕಿ ತನ್ನ ಮನೆಯ ಗೋಡೆಯಿಂದ ಉಗುರಿನಷ್ಟು ಚಕ್ಕೆ ಕೆರೆದು ತಂದು "ಇದೇ ಬಣ್ಣ ಬೇಕು" ಎಂದರೆ, ಉಳಿದವರು ಅದನ್ನು ಬಣ್ಣ ಅಳೆಯುವ ಯಂತ್ರದ ಕೆಳಗೆ ಇಟ್ಟು ಕಾಯುತ್ತಾರೆ. ನಾನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಡಗಣ್ಣು ಮುಚ್ಚಿ, "ಬಿಳಿ ಒಂದು ಡಬ್ಬ, ಹಳದಿ ನಾಲ್ಕು ಹನಿ, ಕಪ್ಪು ಅರ್ಧ ಹನಿ" ಎಂದುಬಿಡುತ್ತೇನೆ. ಅರ್ಧ ಹನಿಯನ್ನು ಹೇಗೆ ಹಾಕುವುದು ಎಂದು ಮಾತ್ರ ಕೇಳಬೇಡಿ. ಅದು ಹೇಳಿಕೊಟ್ಟು ಬರುವ ವಿದ್ಯೆಯಲ್ಲ.

ಇಂಥ ಕಣ್ಣನ್ನು ಜೋಪಾನ ಮಾಡದೆ ಬಿಡುವುದುಂಟೇ? ಹೊಸ ಫೋನು ಕೊಂಡ ದಿನವೇ ಅದರಲ್ಲಿ 'ಕಣ್ಣಿನ ರಕ್ಷಣೆ' ಎಂಬ ಗುಂಡಿಯೊಂದು ಕಂಡಿತು. ಒತ್ತಿದೆ. ಕಣ್ಣು ಚುಚ್ಚುತ್ತಿದ್ದ ಬೆಳಕು ಹೋಗಿ ಹದವಾದ ಬೆಳಕು ಬಂತು. ಅಂದಿನಿಂದ ಇಂದಿನವರೆಗೆ ಆ ಗುಂಡಿಯ ತಂಟೆಗೆ ಹೋಗಿಲ್ಲ. ಇದನ್ನು ಇಲ್ಲಿ ಯಾಕೆ ಹೇಳಿದೆ ಎಂದರೆ, ನಾನು ಎಷ್ಟು ಮುಂಜಾಗ್ರತೆಯ ಮನುಷ್ಯ ಎಂದು ನಿಮಗೆ ತಿಳಿಯಲಿ ಎಂದು.

ಈಗ ಬಟಾಣಿಯ ವಿಷಯ. ಬಟಾಣಿ ನಮ್ಮ ಮಗಳು. ವರ್ಷ ತುಂಬಿ ಕೆಲವು ತಿಂಗಳಾಗಿತ್ತು, ಗೋಡೆ ಹಿಡಿದುಕೊಂಡು ಮನೆಯೆಲ್ಲ ಸುತ್ತುತ್ತಿದ್ದಳು. ಹುಟ್ಟಿದಾಗ ದುಂಡದುಂಡಗೆ ಇದ್ದಳೆಂದು ನನ್ನ ಮಾವ ಇಟ್ಟ ಹೆಸರು ಅದು. ಈಗ ಹೆಸರಷ್ಟೇ ದುಂಡಗೆ ಉಳಿದಿತ್ತು. ಹಾಲು ಬಿಟ್ಟರೆ ಬೇರೇನೂ ಒಳಗೆ ಹೋಗದು. ಬೇಯಿಸಿ ಕೊಡಿ, ಹಿಸುಕಿ ಕೊಡಿ, ಹಾಡು ಹೇಳಿ ಕೊಡಿ, ಚಮಚ ಹತ್ತಿರ ಬಂದ ಕೂಡಲೇ ಬಾಯಿಗೆ ಬೀಗ.

ನನ್ನ ಹೆಂಡತಿ ಸಿಟಿ ಬಸ್ಸಿನ ಡ್ರೈವರು. ಹೆರಿಗೆ ರಜೆ, ಅದರ ಬಾಲಕ್ಕೊಂದು ರಜೆ, ಆ ಬಾಲಕ್ಕೆ ಇನ್ನೊಂದು ಬಾಲ ಎಲ್ಲ ಮುಗಿದಿದ್ದವು. ತಿಂಗಳೊಪ್ಪತ್ತಿನಲ್ಲಿ ಬಂದು ಡ್ಯೂಟಿಗೆ ಸೇರದಿದ್ದರೆ ಆ ಜಾಗಕ್ಕೆ ಬೇರೆಯವರನ್ನು ಹಾಕುತ್ತೇವೆ ಎಂದು ಡಿಪೋ ಮ್ಯಾನೇಜರು ಹೇಳಿಬಿಟ್ಟಿದ್ದರು. ಅವಳಿಗೆ ಆ ಬಸ್ಸೆಂದರೆ ಪ್ರಾಣ. ರಸ್ತೆಯಲ್ಲಿ ಅವಳ ನಂಬರಿನ ಬಸ್ಸನ್ನು ಬೇರೆ ಯಾರಾದರೂ ಓಡಿಸಿಕೊಂಡು ಹೋದರೆ "ಗೇರ್ ಹಾಕೋ ರೀತೀನಾ ಅದು?" ಎಂದು ಕಿಟಕಿಯಲ್ಲಿ ನಿಂತು ಹಲ್ಲು ಕಡಿಯುತ್ತಿದ್ದಳು.

ಅವಳು ಬಸ್ಸು ಹತ್ತಬೇಕಾದರೆ ಬಟಾಣಿ ಶಿಶುವಿಹಾರ ಸೇರಬೇಕು. ಹತ್ತಿರದಲ್ಲಿ ಇದ್ದದ್ದು ಒಂದೇ ಶಿಶುವಿಹಾರ. ಅದರ ಮೇಡಂ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನಮ್ಮನ್ನು ನೋಡಿದರು.

"ನಮ್ಮಲ್ಲಿ ಒಂದೇ ಒಂದು ಕಡ್ಡಾಯ. ಮಗು ತನ್ನ ಕೈಯಲ್ಲೇ ತಿಂಡಿ ಹಿಡ್ಕೊಂಡು ತಿನ್ಬೇಕು. ಒಬ್ಬೊಬ್ಬರ ಬಾಯಿಗೂ ನಾನು ಇಡ್ತಾ ಕೂತ್ರೆ, ಸಂಜೆ ನನ್ನ ಬಾಯಿಗೆ ನೀರು ಬಿಡೋಕೆ ಯಾರಾದ್ರೂ ಬರ್ಬೇಕಾಗುತ್ತೆ. ಸೇರ್ಸೋ ದಿನ ಎದುರಿಗೆ ಕೂರಿಸ್ಕೊಂಡು ನೋಡ್ತೀನಿ. ತಿಂದ್ರೆ ಒಳಗೆ. ಇಲ್ದಿದ್ರೆ ಕರ್ಕೊಂಡು ಹೋಗಿ."

ಹೊರಗೆ ಬಂದು ಹೆಂಡತಿ ಫುಟ್‌ಪಾತಿನ ಮೇಲೆ ನಿಂತುಬಿಟ್ಟಳು. "ನನ್ನ ಬಸ್ಸು ಹೋಯ್ತು ಬಿಡ್ರಿ," ಎಂದಳು.

"ನೀನು ಬಸ್ಸಿನ ಚಿಂತೆ ಮಾಡು," ಎಂದೆ. "ತಿಂಡಿಯ ಚಿಂತೆ ನನಗೆ ಬಿಡು."

ಈ ಮಾತು ಬಾಯಿಂದ ಬಂದಾಗ ನನಗೆ ಮೊಟ್ಟೆ ಬೇಯಿಸಲೂ ಬರುತ್ತಿರಲಿಲ್ಲ. ಆದರೆ ಇದು ಫೋನಿನ ಕಾಲ. ಅಂದೇ ಹುಡುಕಿದೆ. ಮಕ್ಕಳ ತಿಂಡಿಯ ವೀಡಿಯೊ ಮಾಡುವ ಒಬ್ಬ ಅಕ್ಕ ಸಿಕ್ಕಳು. ಎರಡೂ ಕೈ ಜೋಡಿಸಿ ನಗುತ್ತಾ ಹೇಳುತ್ತಾಳೆ: "ಪುಟ್ಟ ಕೈಗಳಿಗೆ ಮೆತ್ತನೆ ಬಿಸ್ಕತ್ತು! ಉಪ್ಪಿಲ್ಲ, ಸಕ್ಕರೆ ಇಲ್ಲ, ಅಮ್ಮನಿಗೆ ಗೋಳೂ ಇಲ್ಲ!" ಓಟ್ಸಿನ ಪುಡಿ, ಒಂದು ಬಾಳೆಹಣ್ಣು, ಬಣ್ಣಕ್ಕೆ ಒಂದು ತುಂಡು ಕ್ಯಾರೆಟ್ಟು. ಇಷ್ಟೇ.

ಬಣ್ಣಕ್ಕೆ! ಆ ಒಂದು ಮಾತು ಕೇಳಿದ್ದೇ ತಡ, ಇದು ನಮ್ಮ ಕಸುಬಿನ ಅಡಿಗೆ ಎಂದು ನನಗೆ ಗ್ಯಾರಂಟಿಯಾಯಿತು.

ಅಂಗಡಿಯಿಂದ ಶೇಡ್ ಕಾರ್ಡು ತಂದೆ. ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಬಣ್ಣದ ಪಟ್ಟಿಗಳ ಕಟ್ಟು ಅದು, ಒಂದೊಂದು ಪಟ್ಟಿಗೂ ಒಂದೊಂದು ಚಂದದ ಹೆಸರು. ಪರದೆಯ ಮೇಲಿನ ಬಿಸ್ಕತ್ತಿನ ಪಕ್ಕ ಹಿಡಿದು ನೋಡಿದೆ. ಅಚ್ಚು 'ಸಂಜೆ ಬಿಸಿಲು'. ನಾನು ಕಲಸಿದ ಹಿಟ್ಟನ್ನು ನೋಡಿದೆ. 'ಒಣಹುಲ್ಲು'! ಅಕ್ಕ ಹೇಳಿದ ಒಂದು ತುಂಡು ಕ್ಯಾರೆಟ್ಟಿಗೆ ಈ ಬಣ್ಣ ಬರುವುದು ಸಾಧ್ಯವೇ ಇರಲಿಲ್ಲ. ದೊಡ್ಡ ಅಡಿಗೆಯವರು ಗುಟ್ಟು ಬಿಟ್ಟುಕೊಡುವುದಿಲ್ಲ ಎಂದು ಕೇಳಿದ್ದೆ, ಅವತ್ತು ಕಣ್ಣಾರೆ ಕಂಡೆ. ಇನ್ನೊಂದು ಕ್ಯಾರೆಟ್ಟು ತುರಿದೆ. ಮತ್ತೊಂದು ತುರಿದೆ. ಬೇಯಿಸಿದ ಸಿಹಿಕುಂಬಳ ಹಿಸುಕಿ ಹಾಕಿದೆ. ಆಗ ಬಂತು ಸಂಜೆ ಬಿಸಿಲು.

"ಎಷ್ಟು ಹಾಕಿದ್ರಿ?" ಎಂದಳು ಹೆಂಡತಿ, ಬುಟ್ಟಿಯಲ್ಲಿ ಉಳಿದ ಒಂದೇ ಕ್ಯಾರೆಟ್ಟನ್ನು ನೋಡುತ್ತಾ.

"ಬಣ್ಣ ಬರೋವಷ್ಟು."

"ರುಚಿ ನೋಡಿದ್ರಾ?"

ಬೆರೆಸಿದ್ದನ್ನು ಬಾಯಿಗೆ ಇಡಬೇಡ ಎನ್ನುವುದು ಬಣ್ಣದ ಕಸುಬಿನ ಮೊದಲ ಪಾಠ. ಆ ಪಾಠವನ್ನು ನಾನು ಅಲ್ಲಿಯವರೆಗೆ ಒಮ್ಮೆಯೂ ಮುರಿದವನಲ್ಲ. ಅದನ್ನೇ ಹೇಳಿದೆ. ಅವಳು ಹಣೆ ಚಚ್ಚಿಕೊಂಡು ಕೋಣೆಗೆ ಹೋದಳು.

ಬಟಾಣಿಯನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ ಎದುರಿಗೆ ಬಿಸ್ಕತ್ತು ಇಟ್ಟೆ. ಮಾವ ಬಂದು ಪಕ್ಕದಲ್ಲಿ ನಿಂತರು. ಮಾವ ರೈಲಿನಲ್ಲಿ ಗಾರ್ಡಾಗಿದ್ದು ನಿವೃತ್ತರಾದವರು. ಮಗಳ ಜೊತೆಗೇ ಇರುತ್ತಾರೆ. ಇಂದಿಗೂ ಮನೆಯಿಂದ ಯಾರು ಹೊರಟರೂ ಬಾಗಿಲಲ್ಲಿ ನಿಂತು ತೋಳು ಎತ್ತಿ ಬೀಸುತ್ತಾರೆ. ಅವರು ಬೀಸದೆ ನಾವು ಹೊರಟರೆ ಆ ದಿನವೆಲ್ಲ ಮುಖ ಗಂಟು. ಸಕ್ಕರೆ ಕಾಯಿಲೆ ಇದ್ದದ್ದರಿಂದ ಮಗಳು ಅವರಿಗೆ ಕುರುಕಲು ತಿಂಡಿಯೆಲ್ಲ ಬಂದ್ ಮಾಡಿದ್ದಳು.

"ಅಳಿಯಂದ್ರೇ, ಹೇಗಾಗಿದೆ ಅಂತ ನಾನು ಒಂದು ಚೂರು..."

"ಅಪ್ಪಾ!" ಒಳಗಿನಿಂದ ಮಗಳ ಹಾರ್ನು.

"ನೋಡ್ತಿದ್ದೆ ಅಷ್ಟೇ ಕಣಮ್ಮ."

ಬಟಾಣಿ ಬಿಸ್ಕತ್ತನ್ನು ಹಿಡಿದಳು. ತಿರುಗಿಸಿ ನೋಡಿದಳು. ಅವಳು ಅದನ್ನು ತಂದು ನೇರ ನನ್ನ ಮುಖಕ್ಕೆ ಒತ್ತಿ "ಆ!" ಎಂದಳು.

"ಬೇಡ ಅಂತಿದಾಳೆ," ಎಂದೆ. ಅವಳ ಕೈಯನ್ನು ಹಿಡಿದು ಅವಳ ಬಾಯಿಯ ಕಡೆಗೇ ತಿರುಗಿಸಿದೆ. "ಇದು ನಿಂದು ಚಿನ್ನಾ. ಅಪ್ಪಂಗಲ್ಲ."

"ಆ! ಆ!" ಮತ್ತೆ ನನ್ನ ಮೂಗಿಗೇ ಬಂತು. ಮತ್ತೆ ತಿರುಗಿಸಿದೆ. ಮೂರನೆಯ ಸಲ ಅದು ನೆಲಕ್ಕೆ ಹೋಯಿತು, ಅವಳು ಬಿಕ್ಕಿ ಬಿಕ್ಕಿ ಅತ್ತಳು.

ನಾನು ಧೃತಿಗೆಡಲಿಲ್ಲ. ನೆಲದಿಂದ ಬಿಸ್ಕತ್ತು ಎತ್ತಿ ಕಿಟಕಿಗೆ ಹಿಡಿದು, ಎಡಗಣ್ಣು ಮುಚ್ಚಿ ನೋಡಿದೆ. ಕಾರಣ ಹೊಳೆಯಿತು.

"ಇನ್ನೂ ಒಂದು ಶೇಡು ಕಮ್ಮಿ," ಎಂದೆ.

ಅಲ್ಲಿಂದ ನಮ್ಮ ಅಡಿಗೆಮನೆ ಒಂದು ಕಾರ್ಖಾನೆಯಾಯಿತು. ಕ್ಯಾರೆಟ್ ಬಿಸ್ಕತ್ತು ಆಯಿತು, ಕುಂಬಳದ ಕಡ್ಡಿ ಆಯಿತು, ಸಿಹಿಗೆಣಸಿನ ಉಂಡೆ ಆಯಿತು. ವೀಡಿಯೊ ಅಕ್ಕ ಏನು ಮಾಡಿ ತೋರಿಸಿದರೂ ನನ್ನದು ಅದರ ಪಕ್ಕದಲ್ಲಿ ಪೇಲವವಾಗಿಯೇ ಕಾಣುತ್ತಿತ್ತು. ನಾನು ಬಿಡುವವನೇ? ತರಕಾರಿಯವನು ನನ್ನನ್ನು ಕಂಡರೆ ಕ್ಯಾರೆಟ್ಟಿನ ಇಡೀ ಬುಟ್ಟಿಯನ್ನೇ ಮುಂದೆ ತಳ್ಳುತ್ತಿದ್ದ. "ಕುದುರೆ ಏನಾದ್ರೂ ಸಾಕಿದೀರಾ ಸಾರ್?" ಎಂದೂ ಕೇಳಿದ.

ನನ್ನೆದುರು, ಹೆಂಡತಿಯೆದುರು ಬಟಾಣಿ ಒಂದು ಚೂರೂ ತಿನ್ನಲಿಲ್ಲ. ಮುಖಕ್ಕೆ ಒತ್ತುವುದು, "ಆ" ಎನ್ನುವುದು, ಎಸೆಯುವುದು. ಆದರೆ ಮಧ್ಯಾಹ್ನ ಒಂದು ವಿಚಿತ್ರ ನಡೆಯುತ್ತಿತ್ತು. ಆ ಹೊತ್ತಿಗೆ ನಾನು ಅಂಗಡಿಯಲ್ಲಿರುತ್ತಿದ್ದೆ. ರಜೆಯಲ್ಲಿ ಅಭ್ಯಾಸ ತಪ್ಪಿದ ಕೈ ಮತ್ತೆ ಪಳಗಲಿ ಎಂದು ಹೆಂಡತಿ ಡಿಪೋಗೆ ಹೋಗಿ ಖಾಲಿ ಬಸ್ಸು ಓಡಿಸಿ ಬರುತ್ತಿದ್ದಳು. ಮನೆಯಲ್ಲಿ ಬಟಾಣಿ, ಮಾವ ಇಬ್ಬರೇ. ಮಾವನ ಮೊಣಕಾಲಿಗೆ ಇಡೀ ದಿನ ಅವಳ ಹಿಂದೆ ಓಡುವ ಶಕ್ತಿಯಿಲ್ಲ, ಅವಳು ಬಾಲ್ಕನಿಯಲ್ಲಿ ಕೂತು ಆಡುವ ಆ ಹೊತ್ತಷ್ಟೇ ಅವರ ಡ್ಯೂಟಿ. ನಾವು ತಿರುಗಿ ಬಂದಾಗ ತಟ್ಟೆ ಖಾಲಿ.

"ತಿಂದ್ಲಾ ಮಾವ?"

"ಓ, ತಿಂದ್ಲು ತಿಂದ್ಲು," ಎಂದು ಮಾವ ಆಕಾಶ ನೋಡುತ್ತಿದ್ದರು.

ನಾನು ಸಂಭ್ರಮದಿಂದ ಸಂಜೆ ಹೆಂಡತಿಯ ಎದುರಿಗೇ ಪರೀಕ್ಷೆ ಮಾಡಿದೆ. ಬಟಾಣಿ ಬಿಸ್ಕತ್ತನ್ನು ನನ್ನ ಕಣ್ಣಿಗೇ ಒತ್ತಿದಳು. ಇದು ಹೀಗೇ ನಡೆಯಿತು. ಒಂದು ಮಧ್ಯಾಹ್ನ ಅಂಗಡಿಯಿಂದ ಬೇಗ ಬಂದು ನೋಡುತ್ತೇನೆ, ಬಾಲ್ಕನಿಯಲ್ಲಿ ತಟ್ಟೆ ಖಾಲಿ, ಬಟಾಣಿ ಗೊಂಬೆಯ ತಲೆ ತಿರುವುತ್ತಿದ್ದಾಳೆ, ಮಾವನ ಬಾಯಿ ತುಂಬಿದೆ, ಮೀಸೆಯ ತುಂಬ ಸಂಜೆ ಬಿಸಿಲಿನ ಪುಡಿ!

ನನ್ನ ಪಿತ್ತ ನೆತ್ತಿಗೇರಿತು. "ಮಾವ! ಅದು ಮಗುವಿನ ತಿಂಡಿ!"

ಮಾವ ಏನೋ ಹೇಳಹೋದರು. ಬಾಯಲ್ಲಿದ್ದದ್ದು ಬಿಡಲಿಲ್ಲ. ಅಷ್ಟರಲ್ಲಿ ಹೆಂಡತಿಯೂ ಬಂದಳು.

"ಅಪ್ಪಾ, ನಿಮಗೆ ತಿನ್ಬೇಕು ಅನ್ನಿಸಿದ್ರೆ ನನ್ನನ್ನ ಕೇಳ್ಬಾರ್ದಾ? ಇಷ್ಟು ದಿನ ಮಗು ತಿಂತಿದಾಳೆ ಅಂತ ನಂಬ್ಕೊಂಡಿದ್ನಲ್ಲಾ!" ಎಂದು ಅವಳು ಕಣ್ಣೀರೇ ಹಾಕಿಬಿಟ್ಟಳು. "ಮುಗೀತು. ಅವಳು ಒಂದು ತುಣುಕೂ ತಿಂದಿಲ್ಲ. ಡಿಪೋಗೆ ಹೇಳ್ಬಿಡ್ತೀನಿ."

ಮಾವ ಬಾಯಲ್ಲಿದ್ದದ್ದನ್ನು ಕಷ್ಟಪಟ್ಟು ನುಂಗಿದರು. "ಅವಳು ಕೊಟ್ಟಾಗ ಬೇಡ ಅನ್ನೋಕಾಗ್ಲಿಲ್ಲಮ್ಮ," ಎಂದರು ಸಣ್ಣ ದನಿಯಲ್ಲಿ. ಕಳ್ಳ ಸಿಕ್ಕಿಬಿದ್ದಾಗ ಹೀಗೇ ಹೇಳುವುದು ಎಂದುಕೊಂಡು ನಾವಿಬ್ಬರೂ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅಂದು ನಾನು ಅಂಗಡಿಗೆ ಮರಳಿ ಹೊರಟಾಗ ಮಾವ ಬಾಗಿಲಿಗೆ ಬಂದು ತೋಳು ಬೀಸಲೂ ಇಲ್ಲ.

ಮಾರನೆಯ ದಿನ ನಿಜವಾದ ಗಲಾಟೆ ಶುರುವಾಯಿತು. ಕೆಳಗಿನ ಮನೆಯ ಟೈಲರಕ್ಕ ಬಟಾಣಿಗೆ ಒಂದು ಹಳದಿ ಫ್ರಾಕು ಹೊಲಿಯುತ್ತಿದ್ದಳು. ಅಳತೆಗೆಂದು ಕರೆದುಕೊಂಡು ಹೋಗಿದ್ದೆ. ಬಟಾಣಿ ದಾರದ ಉಂಡೆ ಕಿತ್ತುಕೊಂಡಳು. ಟೈಲರಕ್ಕ ಅದನ್ನು ಬಿಡಿಸಿಕೊಳ್ಳಲು ಬಗ್ಗಿದವಳು ಹಾಗೇ ನಿಂತುಬಿಟ್ಟಳು.

"ಅಯ್ಯಯ್ಯೋ! ಅಣ್ಣಾ, ಈ ದಾರ ನೋಡಿ. ಮಗೂ ಅಂಗೈ ಮೇಲೆ ಇದೆ. ಕಾಣ್ತಾನೇ ಇಲ್ಲ!"

ನೋಡಿದೆ. ಹಳದಿ ಅಂಗೈ, ಹಳದಿ ದಾರ. ಎಲ್ಲಿ ದಾರ ಮುಗಿಯಿತು, ಎಲ್ಲಿ ಮಗಳು ಶುರುವಾದಳು ಎಂದು ಹೇಳಲು ಬಾರದು. ಇಡೀ ಪೇಟೆಯ ಗೋಡೆಗಳನ್ನು ದೂರದಿಂದಲೇ ಗುರುತಿಸುವ ಕಣ್ಣಿಗೆ ನನ್ನ ಮಗಳ ಅಂಗೈ, ಮೂಗು ಹಳದಿಯಾದದ್ದು ಕಂಡಿರಲಿಲ್ಲ!

ಟೈಲರಕ್ಕನ ಕೂಗಿಗೆ ಮೇಲಿನ ಮನೆಯ ಕಾಂಪೌಂಡರ್ ಸಾಹೇಬರು ಇಳಿದು ಬಂದರು. ಒಂದು ಕಾಲದಲ್ಲಿ ದವಾಖಾನೆಯಲ್ಲಿ ಔಷಧ ಅಳೆದು ಸೀಸೆಗೆ ಹಾಕುತ್ತಿದ್ದವರು. ಈಗ ನಮ್ಮ ಕಟ್ಟಡದ ಸಂಘಕ್ಕೆ ಕಾರ್ಯದರ್ಶಿ. ಡಾಕ್ಟರು ಪರೀಕ್ಷೆ ಮಾಡಿ ಹೇಳುವುದನ್ನು ಇವರು ಮೆಟ್ಟಿಲ ಮೇಲೆ ನಿಂತೇ ಹೇಳುತ್ತಾರೆ.

"ಕಾಮಾಲೆ!" ಎಂದರು, ಇನ್ನೂ ಎರಡು ಮೆಟ್ಟಿಲು ಬಾಕಿ ಇರುವಾಗಲೇ. "ನೀರಿಂದ ಬರೋದು. ಇದು ಇವತ್ತು ಈ ಮಗು, ನಾಳೆ ನಾವು. ಯಾರಲ್ಲಿ! ಟ್ಯಾಂಕು ಖಾಲಿ ಮಾಡಿ!"

ಕಟ್ಟಡವೇ ಎದ್ದು ನಿಂತಿತು. ಒಬ್ಬರು ಕೊಳಾಯಿಗೆ ಬಟ್ಟೆ ಕಟ್ಟಿದರು. ಇನ್ನೊಬ್ಬರು ಕುದಿಸಿದ ನೀರನ್ನೇ ಮತ್ತೆ ಕುದಿಸಿದರು. ಟೈಲರಕ್ಕ ಕನ್ನಡಿಯ ಮುಂದೆ ನಿಂತು ನಾಲಿಗೆ ಚಾಚಿಕೊಂಡೇ ಅರ್ಧ ದಿನ ಕಳೆದಳು. ಮಹಡಿಯಿಂದ ನೀರು ಧೋ ಎಂದು ಬೀದಿಗೆ ಹರಿಯಿತು. ಟ್ಯಾಂಕಿನ ತಳದಲ್ಲಿ ಕಾಂಪೌಂಡರ್ ಸಾಹೇಬರ ಮೊಮ್ಮಗನ ಪ್ಲಾಸ್ಟಿಕ್ ಆನೆ ಸಿಕ್ಕಿತು. ಅದನ್ನು ಅವರು ಸದ್ದಿಲ್ಲದೆ ಜೇಬಿಗೆ ಹಾಕಿಕೊಂಡರು.

ಸುದ್ದಿಗೆ ಕಾಲು ಬರುವುದು ನಮ್ಮ ಬೀದಿಯಲ್ಲಿ ಬಲು ಬೇಗ. ಶಿಶುವಿಹಾರದ ಮೇಡಂ ತಾವೇ ಫೋನು ಮಾಡಿದರು. "ಕಾಮಾಲೆ ಅಂತೆ? ನೋಡಿ, ಬೇಜಾರು ಮಾಡ್ಕೋಬೇಡಿ. ಈ ಕಡೆ ತಲೆ ಹಾಕ್ಬೇಡಿ." ದೂರದಲ್ಲಿದ್ದ ಹೆಂಡತಿಯ ಚಿಕ್ಕಮ್ಮ ಫೋನಿನಲ್ಲೇ ಗೋಳೋ ಎಂದು ಅತ್ತು, "ನಾನು ಅವತ್ತೇ ಹೇಳಿದ್ದೆ" ಎಂದರು. ಅವತ್ತು ಎಂದರೆ ಯಾವತ್ತು, ಏನು ಹೇಳಿದ್ದರು ಎಂಬುದು ಯಾರಿಗೂ ಗೊತ್ತಿಲ್ಲ. ನಮ್ಮ ಅಂಗಡಿಯ ಯಜಮಾನರಂತೂ, "ಲೋ, ಹಳದಿ ಡಬ್ಬ ಏನಾದ್ರೂ ಮನೆಗೆ ತಗೊಂಡ್ಹೋಗಿದೀಯೇನೋ?" ಎಂದು ಸ್ಟಾಕು ಎಣಿಸಲು ಹೊರಟರು.

ಹೆಂಡತಿ ಮಾತ್ರ ಒಂದೇ ಮಾತು ಆಡಿದಳು. "ಬಸ್ಸು ಹಾಳಾಗಿ ಹೋಗ್ಲಿ. ನನ್ನ ಮಗು ನೆಟ್ಟಗಿದ್ರೆ ಸಾಕು." ಬಟಾಣಿಯನ್ನು ಎದೆಗೆ ಅವುಚಿಕೊಂಡು ಹೊರಟಳು. ಅವಳ ಹಿಂದೆ ನಾನು, ಶೇಡ್ ಕಾರ್ಡು ಹಿಡಿದುಕೊಂಡು. ನನ್ನ ಹಿಂದೆ ಮಾವ, ಎರಡೂ ಕೈ ಜೇಬಿನಲ್ಲಿ ಇಟ್ಟುಕೊಂಡು. ಅವರ ಹಿಂದೆ, ಯಾರೂ ಕರೆಯದಿದ್ದರೂ, ಕಾಂಪೌಂಡರ್ ಸಾಹೇಬರು.

ಮಕ್ಕಳ ಡಾಕ್ಟರಮ್ಮ ನಮ್ಮ ದಂಡನ್ನು ನೋಡಿ, "ಯಾರಿಗೆ ಹುಷಾರಿಲ್ಲ?" ಎಂದರು.

"ಮೂಗು 'ಮಾಗಿದ ಪಪಾಯಿ', ಅಂಗೈ 'ಸಂಜೆ ಬಿಸಿಲು', ಅಂಗಾಲು ಅದಕ್ಕಿಂತ ಒಂದು ಶೇಡು ಕಮ್ಮಿ," ಎಂದು ನಾನು ಕಾರ್ಡು ಬಿಚ್ಚಿ ವರದಿ ಒಪ್ಪಿಸಿದೆ. ಡಾಕ್ಟರಮ್ಮ ನನ್ನನ್ನೇ ಒಂದು ಕ್ಷಣ ನೋಡಿದರು. ರೋಗಿ ಯಾರೆಂದು ಅವರಿಗೆ ಅನುಮಾನ ಬಂದಿರಬೇಕು.

ಅವರು ಬಟಾಣಿಯ ಕಣ್ಣಿನ ರೆಪ್ಪೆ ಎಳೆದು ನೋಡಿದರು. ಹೊಟ್ಟೆ ಒತ್ತಿದರು. ತೂಕದ ಯಂತ್ರದ ಮೇಲೆ ಕೂರಿಸಿದರು. "ಕಣ್ಣಿನ ಬಿಳಿ ಭಾಗ ಬೆಳ್ಳಗೇ ಇದೆ. ಕಾಮಾಲೆ ಅಲ್ಲ," ಎಂದರು.

"ಹಾಗೆ ಹೇಗೆ ಹೇಳ್ತೀರಿ?" ಎಂದರು ಕಾಂಪೌಂಡರ್ ಸಾಹೇಬರು. "ನಾವು ಟ್ಯಾಂಕು ಖಾಲಿ ಮಾಡಿ ಆಗಿದೆ!"

ಡಾಕ್ಟರಮ್ಮ ಅವರತ್ತ ತಿರುಗಲೇ ಇಲ್ಲ. "ಮಗು ಏನೇನು ತಿನ್ನುತ್ತೆ?"

"ಏನೂ ತಿನ್ನಲ್ಲ ಡಾಕ್ಟ್ರೇ," ಎಂದೆ. "ಒಂದು ತಿಂಗಳಿಂದ ಮಾಡಿ ಮಾಡಿ ಇಡ್ತಿದೀನಿ. ಒಂದು ಚೂರೂ ಮುಟ್ಟಿಲ್ಲ."

"ಏನು ಮಾಡಿ ಇಡ್ತಿದೀರಿ?"

"ಕ್ಯಾರೆಟ್ಟು. ಸಿಹಿಕುಂಬಳ. ಮತ್ತೆ ಕ್ಯಾರೆಟ್ಟು."

ಡಾಕ್ಟರಮ್ಮ ಕುರ್ಚಿಗೆ ಒರಗಿ ನಕ್ಕರು. "ಸ್ವಾಮಿ, ಇಷ್ಟು ಬಣ್ಣ ಬರ್ಬೇಕಾದ್ರೆ ಈ ಮಗು ದಿನಾ ಹೊಟ್ಟೆ ತುಂಬಾ ಅದನ್ನೇ ತಿಂದಿರ್ಬೇಕು. ಕ್ಯಾರೆಟ್ಟಿನ ಬಣ್ಣ ಚರ್ಮಕ್ಕೆ ಇಳ್ದಿದೆ, ಅಷ್ಟೇ. ತಿನ್ನೋದು ಕಮ್ಮಿ ಮಾಡಿದ್ರೆ ತಾನಾಗೇ ಹೋಗುತ್ತೆ. ತೂಕಾನೂ ಏರಿದೆ. ತಿನ್ನಲ್ಲ ಅಂತೀರಲ್ಲ, ಇಷ್ಟು ಚೆನ್ನಾಗಿ ತಿನ್ನೋ ಮಗುನ ನಾನು ಈ ವಾರ ನೋಡಿಲ್ಲ!"

ಹೆಂಡತಿ ಬಾಯಿ ತೆರೆದುಕೊಂಡು ನಿಂತಳು. ನಾನೂ ಅಷ್ಟೇ. ತಿಂದದ್ದು ಮಾವ, ಹಳದಿಯಾದದ್ದು ಮಗಳು ಎಂದರೆ ಲೆಕ್ಕ ಹೇಗೆ ಕೂಡಿಬರುತ್ತದೆ? ಆಗ ನನ್ನ ಕಸುಬಿನ ಕಣ್ಣು ತೆರೆಯಿತು.

"ಮಾವ, ಜೇಬಿಂದ ಕೈ ತೆಗೀರಿ."

"ಚಳಿ ಅಳಿಯಂದ್ರೇ."

"ತೆಗೀರಿ ಮಾವ."

ಮಾವ ಎರಡೂ ಅಂಗೈಗಳನ್ನು ಡಾಕ್ಟರಮ್ಮನ ಮೇಜಿನ ಮೇಲೆ ಇಟ್ಟರು. ಕಾರ್ಡು ಹಿಡಿಯುವ ಅಗತ್ಯವೇ ಬೀಳಲಿಲ್ಲ. ಬಟಾಣಿಯ ಅಂಗೈಯನ್ನು ಪಕ್ಕದಲ್ಲಿ ಇಟ್ಟೆ. ಒಂದೇ ಡಬ್ಬದಿಂದ ತೆಗೆದ ಬಣ್ಣ.

"ಒಂದು ನನಗೆ, ಒಂದು ಅವಳಿಗೆ," ಎಂದರು ಮಾವ. ತಲೆ ತಗ್ಗಿಸಿಕೊಂಡಿದ್ದರು. "ನಾನು ಕದ್ದು ತಿಂದಿಲ್ಲಮ್ಮ. ಮೊದಲು ನನ್ನ ಬಾಯಿಗೆ ಇಡ್ತಾಳೆ. 'ಆ' ಅಂತಾಳೆ. ನಾನು 'ಆ' ಅನ್ಬೇಕು. ನಾನು ನುಂಗೋವರೆಗೂ ಗಂಟಲನ್ನೇ ನೋಡ್ತಾಳೆ. ನುಂಗಿದ್ಮೇಲೆ ತಾನೊಂದು ತಿಂತಾಳೆ. ನಾನು ಬೇಡ ಅಂದ್ರೆ ತಾನೂ ಬೇಡ. ಏನ್ಮಾಡ್ಲಿ? ಹೇಳಿದ್ರೆ ತಿಂಡಿ ಬಂದ್ ಮಾಡ್ತೀಯಲ್ಲ ಅಂತ ಸುಮ್ನಿದ್ದೆ."

ನನಗೆ ನನ್ನ ಮೂಗಿನ ಮೇಲೆ ಒತ್ತಿದ ಬಿಸ್ಕತ್ತುಗಳೆಲ್ಲ ಒಂದೊಂದಾಗಿ ನೆನಪಾದವು. ಎಲ್ಲವನ್ನೂ 'ಇದು ನಿಂದು, ಅಪ್ಪಂಗಲ್ಲ' ಎಂದು ತಿರುಗಿಸಿ ಕಳಿಸಿದ್ದೆ. ಹೆಂಡತಿ ಅಪ್ಪನ ಹಳದಿ ಕೈಗಳನ್ನು ಹಿಡಿದುಕೊಂಡು ಒಂದು ಕಣ್ಣಲ್ಲಿ ನಕ್ಕಳು, ಒಂದು ಕಣ್ಣಲ್ಲಿ ಅತ್ತಳು.

"ಎಲ್ಲ ಸರಿ," ಎಂದರು ಡಾಕ್ಟರಮ್ಮ. "ಆದ್ರೆ ಇಷ್ಟೊಂದು ಕ್ಯಾರೆಟ್ಟು ಹಾಕಿ ಅಂತ ನಿಮಗೆ ಹೇಳಿದ್ಯಾರು?"

ನಾನು ಗತ್ತಿನಿಂದ ಫೋನು ತೆಗೆದು ವೀಡಿಯೊ ತೋರಿಸಿದೆ. "ಬಣ್ಣ ನೀವೇ ನೋಡಿ."

"ಇದೇನ್ರಿ, ನಿಮ್ಮ ಫೋನಿಗೇ ಕಾಮಾಲೆ ಆಗಿದೆ!" ಎಂದು ಡಾಕ್ಟರಮ್ಮ ಎಲ್ಲೋ ಒಂದು ಗುಂಡಿ ಒತ್ತಿದರು. 'ಕಣ್ಣಿನ ರಕ್ಷಣೆ' ಆರಿತು. ವೀಡಿಯೊ ಅಕ್ಕನ ಹಳದಿ ಗೋಡೆ ಬೆಳ್ಳಗಾಯಿತು. ಅವಳ ಕೈಯಲ್ಲಿದ್ದ ಬಿಸ್ಕತ್ತು, ದೇವರೇ, ಅದು ಒಣಹುಲ್ಲಿನ ಬಣ್ಣದ್ದಾಗಿತ್ತು. ನಾನು ಮೊದಲ ದಿನ ಕಲಸಿದ ಹಿಟ್ಟಿನದೇ ಬಣ್ಣ. ನಾನು ಶೇಡ್ ಕಾರ್ಡನ್ನು ಮೆಲ್ಲಗೆ ಮಡಿಸಿ ಜೇಬಿಗೆ ಹಾಕಿದೆ. ಕಾಂಪೌಂಡರ್ ಸಾಹೇಬರು ಆ ಗಳಿಗೆಗೇ ಕಾಯುತ್ತಿದ್ದವರಂತೆ, "ನಾನು ಮೊದಲೇ ಅಂದ್ಕೊಂಡೆ," ಎಂದರು.

ಡಾಕ್ಟರಮ್ಮ ಬರೆದುಕೊಟ್ಟ ಚೀಟಿ ತೋರಿಸಿ ಶಿಶುವಿಹಾರದ ಮೇಡಂ ಅವರನ್ನು ಒಪ್ಪಿಸಿದ್ದಾಯಿತು. ಪರೀಕ್ಷೆಯ ದಿನ ಬಂತು. ಹೆಂಡತಿ ಡ್ಯೂಟಿಗೆ ಸೇರಬೇಕಾದ ಸೋಮವಾರಕ್ಕೂ ಅದಕ್ಕೂ ನಡುವೆ ಇದ್ದದ್ದು ಒಂದು ಭಾನುವಾರ ಮಾತ್ರ. ಈ ಸಲ ನಾನು ಅಕ್ಕ ಹೇಳಿದಷ್ಟೇ ಹಾಕಿದ್ದೆ, ಒಂದು ತುಂಡು ಕ್ಯಾರೆಟ್ಟು. ಬಟಾಣಿಯ ಎದುರು ಕೂರಲು ಪಳಗಿದ ಕೈಯೆಂದರೆ ಮಾವನದು, ಅಲ್ಲ, ಮಾವನ ಬಾಯಿ. ಆದರೆ ಅವರಿಗೂ ಬಿಸ್ಕತ್ತು ಸಾಕು ಎಂದು ಡಾಕ್ಟರಮ್ಮ ಹೇಳಿಬಿಟ್ಟಿದ್ದರು.

"ಮನೆಯವರು ಒಬ್ಬರು ಮಾತ್ರ ಒಳಗೆ," ಎಂದರು ಮೇಡಂ. ಹೆಂಡತಿ, "ನನ್ನ ಕೈಲಾಗಲ್ಲ, ನೋಡೋಕಾಗಲ್ಲ," ಎಂದು ಗೇಟಿನ ಹೊರಗೇ ಗೋಡೆಗೆ ಮುಖ ಮಾಡಿ ನಿಂತಳು. ನಾನೇ ಹೋದೆ. ಮೊಳದೆತ್ತರದ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ಬಡಿಯುವಂತೆ ಕೂತೆ. ಬಟಾಣಿಯ ಎದುರಿಗೆ ತಟ್ಟೆ ಇಟ್ಟೆ. ಮೇಡಂ ಕನ್ನಡಕ ಇಳಿಸಿದರು.

ಬಟಾಣಿ ಬಿಸ್ಕತ್ತು ಎತ್ತಿದಳು. ಮಾವನನ್ನು ಹುಡುಕಿ ಸುತ್ತ ನೋಡಿದಳು. ಅವರು ಇರಲಿಲ್ಲ. ನನ್ನನ್ನು ನೋಡಿದಳು. ಎಷ್ಟು ಸಲ ತಿರುಗಿಸಿ ಕಳಿಸಿದವನು ಇವನು, ಇವನಿಗೆ ಇನ್ನೊಂದು ಸಲ ಕೊಡಲೋ ಬೇಡವೋ ಎಂದು ಯೋಚಿಸುವವಳಂತೆ ತಡೆದಳು. ಕೊನೆಗೆ 'ಹೋಗಲಿ ಪಾಪ' ಎಂಬಂತೆ ಕೈ ಚಾಚಿದಳು.

"ಆ."

ನನ್ನ ಕೈ ಅಭ್ಯಾಸಬಲದಿಂದ ಅವಳ ಕೈ ತಿರುಗಿಸಲು ಎದ್ದೇಬಿಟ್ಟಿತ್ತು. ಅದನ್ನು ತೊಡೆಯ ಕೆಳಗೆ ಒತ್ತಿ ಹಿಡಿದು, "ಆ," ಎಂದೆ.

ಬಿಸ್ಕತ್ತು ಬಾಯೊಳಗೆ ಬಿತ್ತು. ಒಂದು ತಿಂಗಳ ಕಾಲ ನಾನೇ ಮಾಡಿದ್ದನ್ನು ಅವತ್ತು ಮೊದಲ ಸಲ ರುಚಿ ನೋಡಿದೆ. ಉಪ್ಪಿಲ್ಲ, ಸಿಹಿಯಿಲ್ಲ, ಬಿರುಕು ಬಿಟ್ಟ ಗೋಡೆಗೆ ತುಂಬುವ ಸುಣ್ಣದ ಮುದ್ದೆಯಂತೆ ಅಂಗುಳಿಗೆ ಮೆತ್ತಿಕೊಂಡಿತು. ಬಟಾಣಿ ನನ್ನ ಗಂಟಲನ್ನೇ ನೋಡುತ್ತಿದ್ದಳು. ಮೇಡಂ ಬಟಾಣಿಯನ್ನು ನೋಡುತ್ತಿದ್ದರು. ಕಣ್ಣಲ್ಲಿ ನೀರು ಬರುವಂತೆ ನುಂಗಿದೆ.

ಬಟಾಣಿ ಸಮಾಧಾನದಿಂದ ತಲೆಯಾಡಿಸಿ, ಎರಡನೆಯದನ್ನು ಎತ್ತಿ ತನ್ನ ಬಾಯಿಗೆ ಇಟ್ಟುಕೊಂಡಳು. ಅಗಿದಳು. ನುಂಗಿದಳು.

"ತಿಂದ್ಲು!" ಎಂದು ಕೂಗಿದೆ. ಬಾಯಿಂದ ಪುಡಿ ಹಾರಿತು.

"ಅದೇನೋ ಸರಿ," ಎಂದರು ಮೇಡಂ, ಪುಡಿ ಒರೆಸಿಕೊಳ್ಳುತ್ತಾ. "ಆದ್ರೆ ದಿನಾ ನೀವು ಬಂದು ಇಲ್ಲಿ ಬಾಯಿ ತೆಕ್ಕೊಂಡು ಕೂರೋಕಾಗುತ್ತಾ?"

ಈ ಪ್ರಶ್ನೆಗೆ ಉತ್ತರ ಕೊಟ್ಟವಳು ಬಟಾಣಿ. ಅವಳು ಕುರ್ಚಿಯಿಂದ ಜಾರಿ ಇಳಿದು, ಮೂರನೆಯ ಬಿಸ್ಕತ್ತು ಹಿಡಿದು, ಮೇಜನ್ನು ಆಸರೆ ಮಾಡಿಕೊಂಡು ಹೊರಟಳು. ಮೂಲೆಯಲ್ಲಿ ಒಂದು ಮಗು ಅಮ್ಮ ಬೇಕೆಂದು ಬೆಳಗಿನಿಂದ ಒಂದೇ ರಾಗದಲ್ಲಿ ಅಳುತ್ತಿತ್ತು. ಅದರ ಮುಂದೆ ನಿಂತು "ಆ" ಎಂದಳು. ಅಳುವ ಬಾಯಿ ಹೇಗೂ ತೆರೆದೇ ಇತ್ತು. ಬಿಸ್ಕತ್ತು ಒಳಗೆ ಹೋಯಿತು. ಅಳು ನಿಂತಿತು. ಬಟಾಣಿ ತಿರುಗಿ ಬಂದು ತಾನೊಂದು ತಿಂದಳು. ಮತ್ತೊಂದು ಎತ್ತಿಕೊಂಡು ಮುಂದಿನ ಕುರ್ಚಿಗೆ ಹೋದಳು. ಅಲ್ಲಿ ಆಗಲೇ ಮೂರು ಬಾಯಿಗಳು ಸಾಲಾಗಿ ತೆರೆದುಕೊಂಡು ಕಾಯುತ್ತಿದ್ದವು.

ಮೇಡಂ ಕನ್ನಡಕವನ್ನು ಪೂರಾ ತೆಗೆದುಬಿಟ್ಟರು. "ಇನ್ನು ನನಗೇನು ಕೆಲಸ?" ಎಂದರು. "ಸೋಮವಾರ ಬೆಳಿಗ್ಗೆ ಕರ್ಕೊಂಡ್ಬನ್ನಿ. ಡಬ್ಬಿ ಮಾತ್ರ ದೊಡ್ಡದಿರ್ಲಿ."

ಗೇಟಿನ ಬಳಿ ಹೆಂಡತಿ ಇನ್ನೂ ಗೋಡೆ ನೋಡುತ್ತಾ ನಿಂತಿದ್ದಳು. ನನ್ನ ಅಂಗುಳಿಗೆ ಮೆತ್ತಿದ್ದು ಇನ್ನೂ ಬಿಟ್ಟಿರಲಿಲ್ಲ, ಮಾತೇ ಹೊರಡಲಿಲ್ಲ. ಅವಳು ತಿರುಗಿ, ಆಡುತ್ತಿದ್ದ ನನ್ನ ದವಡೆ ನೋಡಿ, "ನೀವೂ ತಿಂದ್ಬಿಟ್ರಾ!" ಎಂದು ಕಿರುಚಿದಳು. ನಾನು ಶಿಶುವಿಹಾರದ ಕಿಟಕಿಯತ್ತ ಬೆರಳು ತೋರಿಸಿದೆ. ಒಳಗೆ ಬಟಾಣಿ ಇನ್ನೂ ಒಂದು ಬೇರೆಯವರ ಬಾಯಿಗೆ, ಒಂದು ತನ್ನ ಬಾಯಿಗೆ ಇಡುತ್ತಾ ಸುತ್ತುತ್ತಿದ್ದಳು. ಅವಳು ನೋಡಿದಳು. ತುಂಬಾ ಹೊತ್ತು ನೋಡಿದಳು. ಆಮೇಲೆ ಇಲ್ಲದ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಆ ಫುಟ್‌ಪಾತಿನ ಮೇಲೇ ಒಂದು ಸುತ್ತು ಹಾಕಿದಳು.

ಸೋಮವಾರ ಬೆಳಿಗ್ಗೆ ಅವಳು ಯೂನಿಫಾರ್ಮು ಹಾಕಿಕೊಂಡು, ಬಟಾಣಿಯನ್ನು ಎತ್ತಿಕೊಂಡು ಹೊರಟಾಗ ಮಾವ ಬಾಗಿಲಲ್ಲಿ ನಿಂತಿದ್ದರು. ಅಂಗೈಯಲ್ಲಿ ಸಂಜೆ ಬಿಸಿಲು ಇನ್ನೂ ಪೂರಾ ಇಳಿದಿರಲಿಲ್ಲ. ಆ ಕೈ ಎತ್ತಿ ಬೀಸಿದರು.

ಅವರಿಬ್ಬರೂ ಮೆಟ್ಟಿಲು ಇಳಿದ ಮೇಲೆ ಮಾವ ನನ್ನ ಹತ್ತಿರ ಸರಿದರು. "ಅಳಿಯಂದ್ರೇ, ಅವತ್ತು ನೀವೂ ತಿಂದ್ರಂತಲ್ಲ. ಹೇಗಿತ್ತು?"

ಸುತ್ತಮುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಹೇಳಿದೆ. "ಥೂ! ಮನುಷ್ಯರು ತಿನ್ನೋ ಹಾಗಿಲ್ಲ ಮಾವ."

"ನಾನು ತಿಂಗಳಿಡೀ ತಿಂದಿದೀನಿ," ಎಂದರು ಮಾವ. "ಒಂದು ದಿನ ಯಾರ ಹತ್ರಾನಾದ್ರೂ ಹೇಳಿದೀನಾ?"